ಕಾಶಿಯಲ್ಲಿ ಬಿಟ್ಟವಳು

“ನಿಲ್ಲಿ ಅಲ್ಲೇ! ಇವತ್ತು ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ!”

ಕೇದಾರ ಘಾಟ್‌ನ ಮೆಟ್ಟಿಲ ಮೇಲೆ ಪ್ರಾರ್ಥನಾ ಕೂಗಿದ ರಭಸಕ್ಕೆ, ಮಂಜಿನೊಳಗೆ ಜಾರಿಕೊಳ್ಳುತ್ತಿದ್ದ ಗುರುಕಿರಣ ಗಕ್ಕನೆ ನಿಂತ. ಜನವರಿಯ ಮಂಜು ಅಂದರೆ ಮಂಜು! ಎದುರಿನ ಗಂಗೆಯೇ ಕಾಣುತ್ತಿರಲಿಲ್ಲ. ದೋಣಿಗಳೆಲ್ಲ ಬಂದ್.

ಬೆಳಗಿನಿಂದಲೇ ಅವಳ ತಲೆ ಕೆಟ್ಟಿತ್ತು. ವಿಶ್ವವಿದ್ಯಾಲಯದಲ್ಲಿ ಹವಾಮಾನದ ಸಂಶೋಧನೆ ಮಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ, ಕಾಶಿಗೆ ಬರುವ ಕನ್ನಡದವರ ಪಾಲಿಗೆ ಮಳೆಗೂ ಅವಳೇ ಹೊಣೆ, ಮಂಜಿಗೂ ಅವಳೇ ಹೊಣೆ. ಇವತ್ತೂ ಅಷ್ಟೇ, ಲಾಡ್ಜ್ ನಡೆಸುವ ಸರಸ್ವತಮ್ಮ ಊರಿನ ನೆಂಟರನ್ನು ಅವಳ ತಲೆಗೆ ಕಟ್ಟಿದ್ದರು.

“ಏನಮ್ಮಾ, ಸೂರ್ಯೋದಯ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಬಿಳಿ ಗೋಡೆ ತೋರಿಸ್ತಿದೀಯಲ್ಲ!” ಎಂದು ಗೊಣಗಿ ಆ ನೆಂಟರು ಇಡ್ಲಿ ತಿನ್ನಲು ಹೋಗಿದ್ದರು.

ಅದನ್ನಾದರೂ ಸಹಿಸಬಹುದು. ಈ ಮನುಷ್ಯನನ್ನು?

ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಬೇಸಿಗೆಯ ಬಿಸಿಗಾಳಿಗೆ ತಲೆ ಸುತ್ತಿ ಇದೇ ಮೆಟ್ಟಿಲ ಮೇಲೆ ಕುಸಿದವನಿಗೆ ಅವಳೇ ನೀರು ಕುಡಿಸಿದ್ದಳು. ಮಳೆಗಾಲದಲ್ಲಿ ಗಂಗೆ ಉಕ್ಕಿ ಘಾಟ್‌ಗಳೆಲ್ಲ ಮುಳುಗಿದಾಗ ಇಬ್ಬರೂ ಲಾಡ್ಜಿನ ತಾರಸಿಯಲ್ಲಿ ನಿಂತು ನೋಡಿದ್ದರು. ಕಾರ್ತಿಕ ಹುಣ್ಣಿಮೆಯ ದೇವ್ ದೀಪಾವಳಿಯ ಸಂಜೆ, ಸಾಲುದೀಪಗಳ ನಡುವೆ, ಅವನು ಏನೋ ಹೇಳಲು ಬಾಯಿ ತೆರೆದಿದ್ದ... ಹೇಳಲಿಲ್ಲ!

ಆಮೇಲೆ ಅವನ ಅಪ್ಪ ತೀರಿಕೊಂಡರು. ಅವರ ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟ ದಿನದಿಂದ, ಅವಳನ್ನು ಕಂಡರೆ ಸಾಕು, ಬೇರೆ ಗಲ್ಲಿ ಹಿಡಿಯುತ್ತಿದ್ದ. ಈಗ ವರ್ಗಾವಣೆ ಬೇರೆ ಕೇಳಿದ್ದಾನಂತೆ!

“ನಾನೇನ್ ತಪ್ಪು ಮಾಡ್ದೆ? ಅದನ್ನ ಹೇಳಿ ಊರು ಬಿಡಿ!”

“ನಿಮ್ ತಪ್ಪಲ್ಲ ಪ್ರಾರ್ಥನಾ... ನಾನೇ... ನಿಮ್ಮನ್ನ ಬಿಟ್ಟುಬಿಟ್ಟಿದೀನಿ.”

“ಅಂದ್ರೆ?!”

“ಕಾಶೀಲಿ ಇಷ್ಟವಾದದ್ದೊಂದನ್ನ ಬಿಡ್ಬೇಕಲ್ಲ... ಅವತ್ತು ಪುರೋಹಿತರು ಕೇಳಿದ್ರು. ಚಿಕ್ಕಪ್ಪ ಹಾಗಲಕಾಯಿ ಅಂದ್ರು, ಅತ್ತೆ ಸೀತಾಫಲ ಅಂದ್ರು. ನಾನು ಕಣ್ಮುಚ್ಚಿದ್ರೆ ನೀವೇ ಕಂಡ್ರಿ. ಅಪ್ಪನ ಮುಂದೆ ಸುಳ್ಳು ಹೇಗೆ ಹೇಳ್ಲಿ? ಮನಸ್ಸಲ್ಲೇ ನಿಮ್ ಹೆಸರು ಹೇಳಿ ನೀರು ಬಿಟ್ಟೆ...”

ಪ್ರಾರ್ಥನಾ ಅವನನ್ನೇ ನೋಡಿದಳು. ದೇವರೇ! ಇಂಥ ಪೆದ್ದನಿಗಾಗಿಯೇ ನಾನು ಇಷ್ಟು ದಿನ ಅತ್ತದ್ದು?

“ಜನ ತರಕಾರಿ ಬಿಡ್ತಾರೆ ಕಣ್ರೀ! ನಮ್ಮಜ್ಜಿ ಹೀರೇಕಾಯಿ ಬಿಟ್ರು, ಅದೂ ಅವ್ರಿಗೆ ಸೇರ್ತಾನೇ ಇರ್ಲಿಲ್ಲ! ನನ್ನನ್ನ ತಗೊಂಡ್ ಹೋಗಿ ಹಾಗಲಕಾಯಿ ಪಕ್ಕ ನಿಲ್ಲಿಸಿದ್ರಲ್ಲ!”

ಅವನು ತಲೆ ತಗ್ಗಿಸಿದ. ಕಣ್ಣು ಕೆಂಪಾಗಿತ್ತು. ಅದನ್ನು ಕಂಡು ಅವಳ ಸಿಟ್ಟು ಅರ್ಧಕ್ಕೇ ಕರಗಿತು. ಇವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ತಾನೇ ಅಂತೆ... ಹಾಳಾದ್ದು, ಈಗ ಅಳು ಬರಬೇಕೇ?

“ಒಂದು ಮಾತು ಹೇಳಿ. ನಾನು ನಿಮ್ಮವಳಾಗಿದ್ದು ಯಾವಾಗ?”

“ಹಾಂ?”

“ಒಂದ್ಸಲನಾದ್ರೂ ನನ್ನ ಕೇಳಿದ್ರಾ? ನಾನು ಹೂಂ ಅಂದಿದ್ನಾ? ಕೈಗೇ ಬರ್ದೇ ಇರೋದನ್ನ ಗಂಗೆಗೆ ಹೇಗ್ರೀ ಬಿಟ್ರಿ?”

ಗುರುಕಿರಣ ತಲೆಯೆತ್ತಿದ. “ಹಾಗಾದ್ರೆ... ನಾನು ಏನೂ ಬಿಟ್ಟೇ ಇಲ್ಲ. ಅಪ್ಪನಿಗೆ ಏನಂತ ಹೇಳ್ಲಿ?”

“ನಿಮ್ಮದೇ ಆಗಿರೋದನ್ನ ಬಿಡಿ. ಯಾರನ್ನೂ ಕೇಳ್ದೆ ಎಲ್ಲಾನೂ ಒಬ್ರೇ ತೀರ್ಮಾನ ಮಾಡ್ತೀರಲ್ಲ, ಆ ಚಾಳಿ ಬಿಡಿ.”

“ಅದು ನಂಗೆ ಇಷ್ಟ ಅಲ್ವಲ್ಲ?”

“ತುಂಬಾ ಇಷ್ಟ! ನೋಡ್ತಾನೇ ಇದೀನಿ!”

ಅವನು ಕೊನೆಯ ಮೆಟ್ಟಿಲಿಗಿಳಿದ. ಕೊರೆಯುವ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡು, “ಅಪ್ಪಾ...” ಎನ್ನುತ್ತ ಗಂಗೆಗೆ ಬಿಟ್ಟ. ಒದ್ದೆ ಕೈಯಲ್ಲೇ ಮೇಲೆ ಬಂದು ಅವಳೆದುರು ನಿಂತ.

“ವರ್ಗಾವಣೆ ಬೇಡ ಅಂತ ಇವತ್ತೇ ಹೇಳ್ತೀನಿ... ಪ್ರಾರ್ಥನಾ, ನನ್ನ ಮದ್ವೆ ಆಗ್ತೀರಾ?”

“ಹೂಂ.” ಅವಳು ಕಣ್ಣೊರೆಸಿಕೊಂಡಳು. “ಈಗ ನಿಮ್ಮವಳು. ಇನ್ಮೇಲೆ ನನ್ನ ಬಿಡ್ಬೇಕು ಅನ್ನಿಸಿದ್ರೆ, ಮೊದ್ಲು ನನ್ನೇ ಕೇಳ್ಬೇಕು.”

“ಕೇಳಿದ್ರೆ?”

“ಬೇಡ ಅಂತೀನಿ.”