ಹೆರಿಗೆ ಆಸ್ಪತ್ರೆಯ ಗಡಿಕಲ್ಲುಗಳು

ಶುಕ್ರವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು ಹೀಗಿತ್ತು: ಸರ್ಕಾರಿ ಹೆರಿಗೆ ಆಸ್ಪತ್ರೆಯ ಆವರಣದ ಗಡಿಕಲ್ಲುಗಳನ್ನು ಯಾರೋ ಕಿತ್ತಿದ್ದಾರೆ. ಹದಿಮೂರರಲ್ಲಿ ಒಂದೂ ಉಳಿದಿಲ್ಲ. ದೂರುದಾರ ಪ್ರಾಂತ್ಯದ ಹಣಕಾಸು ಇಲಾಖೆಯ ಸಾಲ ವಿಭಾಗದ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಕಲ್ಲಿಗೆ ಇಷ್ಟು ಗಾಬರಿ ಯಾಕ್ರೀ?" ಇನ್‌ಸ್ಪೆಕ್ಟರ್ ಕೇಳಿದರು.

"ಸೋಮವಾರ ಹೊಸ ಸಾಲ ಕೊಡೋರು ಜಾಗ ಅಳೆಯೋಕೆ ಬರ್ತಾರೆ ಸಾರ್. ಗಡಿ ಇಲ್ಲದೆ ಅಳತೆ ಇಲ್ಲ, ಅಳತೆ ಇಲ್ಲದೆ ಸಾಲ ಇಲ್ಲ. ಅವತ್ತು ಸಂಜೆಗೇ ಗಡುವು ಮುಗಿಯುತ್ತೆ."

"ಹೆರಿಗೆ ಆಸ್ಪತ್ರೆ ಅಡ ಇಡ್ತಿದ್ದೀರಾ?"

"ಹಳೇ ಸಾಲದ ಕಂತು ಕಟ್ಟಬೇಕಲ್ಲ. ಬಸ್ ನಿಲ್ದಾಣ, ಮಾರುಕಟ್ಟೆ, ನೀರಿನ ಟ್ಯಾಂಕು, ಎಲ್ಲಾ ಆಗಲೇ ಅಡ ಇವೆ. ಉಳಿದಿರೋದು ಇದೊಂದೇ."

"ಈ ಠಾಣೆ?"

ಅಧಿಕಾರಿ ತಲೆ ತಗ್ಗಿಸಿದ. "ಹೋದ ವರ್ಷವೇ ಸಾರ್."

ಇನ್‌ಸ್ಪೆಕ್ಟರ್ ತಾವು ಕೂತ ಕುರ್ಚಿಯನ್ನೊಮ್ಮೆ ನೋಡಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಹಿರಿಯ ಕಾನ್‌ಸ್ಟೇಬಲ್‌ನನ್ನು ಊರೆಲ್ಲ ಕರೆಯುತ್ತಿದ್ದುದು 'ಮೀಸೆ' ಎಂದೇ. ಅವನು ಕೆಮ್ಮಿದ. "ಎರಡು ತಿಂಗಳಿಂದ ನಮಗೆ ಸಂಬಳ ಇಲ್ಲ. ಈ ಸಾಲ ಬಂದ್ರೆ ಬರುತ್ತಾ?"

"ಅದರಲ್ಲೇ ಕೊಡೋದು."

"ಸಾರ್, ಜೀಪ್ ತೆಗೀಲಾ?"

ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯ ದಾರಿಯಲ್ಲಿ ಜೀಪು ಅರ್ಧಕ್ಕೆ ನಿಂತ ಮೇಲುಸೇತುವೆಯ ಕೆಳಗೆ ಹಾದುಹೋಯಿತು. ಹಳೆಯ ಸಾಲವೆಲ್ಲ ಸುರಿದದ್ದು ಅದಕ್ಕೇ. ಅದರ ಮೇಲೆ ಈವರೆಗೆ ಕಾಗೆಗಳ ಹೊರತು ಯಾರೂ ಓಡಾಡಿರಲಿಲ್ಲ. ಊರಿನ ಸಮಸ್ತವೂ ಅಡವಿದ್ದರೂ ಆ ಸೇತುವೆ ಕಟ್ಟಿಸಿದವರ ಮನೆಗಳು ಮಾತ್ರ ಎಲ್ಲಿಯೂ ಅಡವಿರಲಿಲ್ಲ.

ಆಸ್ಪತ್ರೆಯ ಬೇಲಿ ಬಿದ್ದುಹೋಗಿ ವರ್ಷಗಳಾಗಿದ್ದವು. ಗೇಟು ಮತ್ತು ಗೇಟಿನವ ಮಾತ್ರ ಉಳಿದಿದ್ದರು. "ಇಲ್ಲಿಂದ ಹೊರಗೆ ಹೋಗೋದು ತಾಯಿ, ಮಗು, ಕಸ. ಕಲ್ಲು ಹೋಗಿಲ್ಲ" ಎಂದು ಗೇಟಿನವ ಹೇಳಿಕೆ ಕೊಟ್ಟ. ಆವರಣದ ಸುತ್ತ ಅಗಲಕ್ಕೆ ನೆಲ ಅಗೆದು ಸೊಪ್ಪಿನ ಬೀಜ ಚೆಲ್ಲಲಾಗಿತ್ತು. ಕಲ್ಲಿನ ಗುಂಡಿ ಎಲ್ಲಿತ್ತು, ಎಲ್ಲಿರಲಿಲ್ಲ ಎಂದು ಹೇಳುವಂತೆಯೇ ಇರಲಿಲ್ಲ. ಗಾಲಿಯ ಗುರುತೂ ಇಲ್ಲ. ಕಲ್ಲುಗಳನ್ನು ಹೊತ್ತೇ ಒಯ್ದಿದ್ದಾರೆ, ದೂರವೇನೂ ಒಯ್ದಿಲ್ಲ ಎಂದು ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದರು.

ವಾರ್ಡಿನ ಹಿರಿಯ ದಾದಿ ಕೈ ಒರೆಸಿಕೊಳ್ಳುತ್ತಾ ಹೊರಬಂದಳು. ಊರಿಗೆಲ್ಲ ಅವಳು ದೊಡ್ಡಮ್ಮ.

"ಕಲ್ಲಾ? ಒಳಗೆ ನನಗೆ ಐದು ಹೆರಿಗೆ ಇವೆ. ಬೂಟು ಸದ್ದು ಮಾಡಬೇಡಿ." ಆಮೇಲೆ ಮೀಸೆಯ ಕಡೆ ತಿರುಗಿದಳು. "ಏನೋ, ಇಳಿದುಹೋಗಿದ್ದೀಯಾ?"

"ಸಂಬಳ ಇಲ್ಲ ದೊಡ್ಡಮ್ಮ."

"ನನಗೂ ಇಲ್ಲ. ನಾನೇನು ಇಳಿದಿದ್ದೀನಾ?"

ಅವಳು ಒಳಗೆ ಹೋದಳು. ಮೀಸೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಟೀ ತರಿಸಿಕೊಂಡ. ಪಕ್ಕದಲ್ಲಿ ಯುವಕನೊಬ್ಬ ಹಸುಗೂಸನ್ನು ಮುಂಗೈಗಳ ಮೇಲೆ ಮಲಗಿಸಿಕೊಂಡಿದ್ದ, ಅಂಗೈ ತಾಗದಂತೆ. ಇನ್‌ಸ್ಪೆಕ್ಟರ್ ಅವನ ಕೈ ನೋಡಿದರು.

"ಏನು ಕೆಲಸ?"

"ಟೈಲರ್ ಸಾರ್."

"ಸೂಜಿ ಹಿಡಿಯೋ ಕೈಗೆ ಇಷ್ಟು ದಪ್ಪ ಬೊಬ್ಬೆನಾ?"

ಟೈಲರ್ ವಾರ್ಡಿನ ಬಾಗಿಲ ಕಡೆ ನೋಡಿದ. ಮೀಸೆಗೆ ನಗು ಉಕ್ಕಿ ಟೀ ನೆತ್ತಿಗೇರಿತು.

"ದೊಡ್ಡಮ್ಮ ಕೆಲಸ ಹಚ್ಚಿದ್ರಾ? ಸಾರ್, ನನ್ನ ಮಗಳು ಹುಟ್ಟೋವಾಗ ನಾನು ಈ ಬಾಗಿಲ ಹೊರಗೆ ಒಂದೇ ಸಮ ಅಳ್ತಿದ್ದೆ. ಇಟ್ಟಿಗೆ ರಾಶಿ ತೋರಿಸಿ ಆ ಮೂಲೆಗೆ ಹಾಕು ಅಂದ್ರು. ಹಾಕಿದೆ. ವಾಪಸ್ ತಂದು ಈ ಮೂಲೆಗೆ ಹಾಕು ಅಂದ್ರು. ಮಗು ಅತ್ತ ಸದ್ದು ಕೇಳೋವರೆಗೂ ಅದೇ ಪಾಡು. ಹೊರಗೆ ಕಾಯೋ ಗಂಡಸರನ್ನ ಅವರು ಸುಮ್ನೆ ಬಿಡಲ್ಲ."

ಇನ್‌ಸ್ಪೆಕ್ಟರ್ ನಗಲಿಲ್ಲ. "ನಿನಗೇನು ಹಚ್ಚಿದ್ರಪ್ಪಾ?"

"ಒಂದು ಕಲ್ಲು ಸಾರ್. ಕಿತ್ತು ತಂದು ಇಲ್ಲಿ ಹಾಕು, ಹೆರಿಗೆ ಸಲೀಸಾಗುತ್ತೆ ಅಂದ್ರು. ನನಗಿಂತ ಮುಂಚೆ ಬಂದೋರೂ ಒಂದೊಂದು ಹಾಕಿದ್ದಾರೆ."

"ಮೀಸೆ, ಏಳ್ರೀ ಮೇಲೆ."

ಮೀಸೆ ಎದ್ದ. ಇಬ್ಬರೂ ಸೇರಿ ಬೆಂಚಿನ ಒಂದು ಕಲ್ಲನ್ನು ಮಗುಚಿದರು. ಹೊಟ್ಟೆಯ ಮೇಲೆ ಸರ್ವೆ ಇಲಾಖೆಯ ಬಾಣದ ಗುರುತು. ಹದಿಮೂರೂ ಅಲ್ಲೇ ಇದ್ದವು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಸಾಕ್ಷ್ಯದ ಮೇಲೆ ಕೂತು ಟೀ ಕುಡಿದವರು ಯಾರೆಂದು ಅದರಲ್ಲಿ ಬರೆಯಲಿಲ್ಲ.

ದೊಡ್ಡಮ್ಮ ತಾನಾಗಿಯೇ ಹೊರಗೆ ಬಂದಳು. "ಆ ಹುಡುಗರನ್ನ ಬಿಟ್ಟುಬಿಡಿ. ಅವರಿಗೇನೂ ಗೊತ್ತಿಲ್ಲ. ಕೀಳಿಸಿದ್ದು ನಾನು, ಸೊಪ್ಪು ಬಿತ್ತಿಸಿದ್ದೂ ನಾನೇ."

"ಯಾಕೆ?"

"ಕಾಯೋರಿಗೆ ಕೂರೋಕೆ ಜಾಗ ಇರಲಿಲ್ಲ."

"ದೊಡ್ಡಮ್ಮಾ..."

ಅವಳು ಉಳಿದ ಕಲ್ಲಿನ ಮೇಲೆ ಕೂತಳು. "ನಿಮಗೆ ದೂರು ಕೊಟ್ಟೋನು ನನ್ನ ಮಗ. ಊಟಕ್ಕೆ ಕೂತಾಗ ಅವನೇ ಹೇಳಿದ, ಈ ಸಲ ನಿನ್ನ ಆಸ್ಪತ್ರೆ ಅಮ್ಮಾ ಅಂತ. ಒಳಗೆ ಆ ಮೂರನೇ ಮಂಚದ ಮೇಲೆ ಹುಟ್ಟಿದೋನು. ಮಂಚಾನೂ ಬರೆದುಕೊಟ್ಟಿದ್ದೀಯೇನೋ ಅಂದೆ. ಸಾಮಾನು ಸಮೇತ ಅಂದ. ಅನ್ನ ಬಡಿಸ್ತಾ ಇದ್ದೆ. ಸೌಟು ಕೈಯಲ್ಲೇ ಉಳೀತು." ಒಳಗಿಂದ ಯಾರೋ ನರಳಿದರು. ಅವಳು ಎದ್ದಳು. "ಐದನೆಯದೂ ಆಗಲಿ, ಬರ್ತೀನಿ."

ಬಂಧನದ ಹೊತ್ತು ಸಂಜೆ ಐದೂವರೆ. ತಡಕ್ಕೆ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ 'ಹೆಣ್ಣುಮಗು, ತಾಯಿ ಕ್ಷೇಮ' ಎಂದು ಬರೆದರು. ಮಹಿಳಾ ಕಾನ್‌ಸ್ಟೇಬಲ್ ಅವಳ ಕೈ ಹಿಡಿದು ಜೀಪು ಹತ್ತಿಸಿದಳು. ನೋಡಿದವರಿಗೆ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ.

ಸರ್ವೆ ಕಚೇರಿಗೆ ಫೋನು ಮಾಡಿದರೆ, ಕಲ್ಲು ಸಿಕ್ಕಿದ್ದು ಸಂತೋಷ, ಆದರೆ ನೆಟ್ಟಿದ್ದ ಗುಂಡಿಗಳೇ ಅಳಿಸಿಹೋಗಿವೆಯಲ್ಲ ಎಂದರು. ಮತ್ತೆ ಗಡಿ ಗುರುತಿಸಲು ಅಕ್ಕಪಕ್ಕದವರಿಗೆ ಒಂದು ತಿಂಗಳ ನೋಟಿಸು ಬೇಕು. ಕಲ್ಲು ಸಿಕ್ಕಿತು, ಗಡಿ ಸಿಗಲಿಲ್ಲ.

"ಹೋಯ್ತು ಸಂಬಳ" ಎಂದ ಮೀಸೆ. ಮುಖದಲ್ಲಿ ದುಃಖ ತರಲು ನೋಡಿದ, ಬರಲಿಲ್ಲ.

ವಿಷಯ ತಿಳಿದು ಮಗ ಓಡಿಬಂದ. ಲಾಕಪ್ಪಿನ ಬಾಗಿಲನ್ನು ಯಾರೂ ಹಾಕಿರಲಿಲ್ಲ. ತಾಯಿ ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು.

"ಏನಮ್ಮಾ ಇದು? ಕಂತು ತಪ್ಪುತ್ತೆ. ನನ್ನ ಕೆಲಸ ಹೋಗುತ್ತೆ."

"ಹಳೇ ಸಾಲ ಕೊಟ್ಟೋರ ಹತ್ರ ಕೂತು ಗಡುವು ಮುಂದಕ್ಕೆ ಹಾಕಿಸು."

"ಅಷ್ಟು ಸುಲಭ ಅಲ್ಲ. ತಿಂಗಳುಗಟ್ಟಲೆ ಮಾತಾಡಬೇಕು, ಬಡ್ಡಿ ಇಳಿಸಿ ಅಂತ ಗೋಗರೀಬೇಕು. ಮಂತ್ರಿಗಳಿಗೆ ಪುರುಸೊತ್ತಿಲ್ಲ."

"ಅವರಿಗೇನಪ್ಪಾ, ನೋವು ತಿನ್ನೋರು ಅವರಲ್ಲ. ಗಡಿಯಾರ ನೋಡ್ಕೊಂಡು ಹೊಟ್ಟೆ ಕುಯ್ಯೋ ಡಾಕ್ಟರ ಥರ ಆಗಿದ್ದೀಯ ನೀನು. ಸ್ವಲ್ಪ ಕಾಯೋದು ಕಲಿ."

ಅವನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದ. ಅವಳು ನೋಡುವಷ್ಟು ನೋಡಿದಳು.

"ಏಯ್, ಸುಮ್ನೆ ಓಡಾಡಬೇಡ. ಆ ಬೆಂಚು ಎತ್ತಿ ಆಚೆ ಗೋಡೆಗೆ ಹಾಕು."

ಸಾಲ ವಿಭಾಗದ ಅಧಿಕಾರಿ ಇನ್‌ಸ್ಪೆಕ್ಟರ ಮುಖ ನೋಡಿದ. ಇನ್‌ಸ್ಪೆಕ್ಟರ್ ತಲೆಯೆತ್ತಲಿಲ್ಲ. ಕೃತ್ಯದ ಪ್ರೇರಣೆ ಎಂಬಲ್ಲಿ ಅವರು ಬರೆಯುತ್ತಿದ್ದರು: 'ಸ್ವಂತ ಲಾಭವಿಲ್ಲ. ಮುಂದೆ ಹುಟ್ಟುವವರಿಗೆ ಒಂದು ಮಂಚ ಉಳಿಯಲಿ ಎಂಬ ಆಸೆ.'

ಅಧಿಕಾರಿ ಅಂಗಿಯ ತೋಳು ಮಡಚಿದ. ಮೀಸೆ ಬೆಂಚಿನ ಇನ್ನೊಂದು ತುದಿ ಹಿಡಿದ.

"ಮೆಲ್ಲಗೆ ಎತ್ತಿ ಸಾರ್. ವಾಪಸ್ ತರೋದೂ ಇರುತ್ತೆ."

ಮೂರನೆಯ ಸಲ ಬೆಂಚು ಗೋಡೆ ಸೇರಿದಾಗ ಅಧಿಕಾರಿ ಅದರ ಮೇಲೆ ಕುಸಿದು ಕೂತ. ಬೆವರೊರೆಸಿಕೊಂಡು ಫೋನು ತೆಗೆದ. ಹಳೆಯ ಸಾಲ ಕೊಟ್ಟವರ ನಂಬರು ಹುಡುಕತೊಡಗಿದ.