ಹಸಿರಾದ ಉರಿ

"ಒಳಗ ಬರಬ್ಯಾಡ! ಹೊರಗ ನಡಿ!"

ಎರ್ರಿಸ್ವಾಮಿ ಒದರಿದ ರಭಸಕ್ಕೆ ಕೊಟ್ರಮ್ಮನ ಕೈಯಲ್ಲಿದ್ದ ಮಜ್ಜಿಗೆ ಲೋಟ ಜಾರಿ ನೆಲಕ್ಕೆ ಬಿತ್ತು.

ಶೆಡ್ಡಿನ ಮಬ್ಬಿನಲ್ಲಿ ಬಾನೆಟ್ ತೆರೆದ ಬಿಳಿ ಅಂಬಾಸಿಡರ್ ನಿಂತಿತ್ತು. ಅದರ ಮೇಲೆ ಬಗ್ಗಿದ್ದ ಗಂಡನ ಕೈಯಲ್ಲಿ ಸಣ್ಣದೊಂದು ಗ್ಯಾಸ್ ದೀಪ. ಅದರ ನೀಲಿ ಉರಿ ಅವಳ ಕಣ್ಣೆದುರೇ ಹಸಿರಾಯಿತು... ಪಾಚಿಗಟ್ಟಿದ ನೀರಿನಂಥ ಹಸಿರು!

ಮರುಕ್ಷಣ ಅವನು ಓಡಿ ಬಂದು ಅವಳನ್ನು ಹೊರಕ್ಕೆ ನೂಕಿ ಬಾಗಿಲು ಹಾಕಿಕೊಂಡ.

ಕೊಟ್ರಮ್ಮ ಅಂಗಳದಲ್ಲಿ ಗರಬಡಿದವಳಂತೆ ನಿಂತಳು. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಕುರುಗೋಡಿನಿಂದ ಬಳ್ಳಾರಿಯ ಕೌಲ್ ಬಜಾರಿನ ಈ ಮನೆಗೆ ಬಂದಾಗಿನಿಂದ ಅವನು ಅವಳೊಡನೆ ಆಡಿದ ಮಾತು ಅಷ್ಟಕ್ಕಷ್ಟೆ. ಕಾರುಗಳಿಗೆ ಏಸಿ ರಿಪೇರಿ ಮಾಡುವ ಕೆಲಸ; ದಿನವೆಲ್ಲ ಶೆಡ್ಡಿನಲ್ಲೇ ಇರುತ್ತಿದ್ದ. ಇವತ್ತು ಮೊದಲ ಸಲ ದನಿ ಏರಿಸಿದ್ದ. ಮೊದಲ ಸಲ ನೂಕಿದ್ದ.

ಗಂಡನ ಮನೆಯಿಂದ ಮೈತುಂಬ ಬಾಸುಂಡೆ ಹೊತ್ತು ಬಂದ ಅಕ್ಕ ಗಂಗಕ್ಕ ಹೇಳಿದ್ದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. "ನನ್ನ ಗಂಡ ಮೊದ್ಲು ಬರೇ ಒದರತಿದ್ದ ಕೊಟ್ರಿ... ಕೈ ಎತ್ತಿದ್ದು ಆಮ್ಯಾಲ."

'ನನಗೂ ಅದೇ ಗತಿ ಏನು? ದೇವರೇ!'

ಮನೆಯೊಳಗೆ ಹೋಗಿ ಸೀರೆಗಳನ್ನು ಟ್ರಂಕಿಗೆ ತುರುಕಿದಳು. ಕುರುಗೋಡಿನ ಬಸ್ಸು ಹಿಡಿದುಬಿಟ್ಟರೆ ಸಾಕು! ಟ್ರಂಕು ಹೊತ್ತು ಅಂಗಳ ದಾಟುವಾಗ ಶೆಡ್ಡಿನೊಳಗಿಂದ ಕೆಮ್ಮು ಕೇಳಿಸಿತು.

ಕೆಮ್ಮು ಜೋರಾಯಿತು. ಏನೋ ದೊಪ್ಪನೆ ಬಿದ್ದ ಸದ್ದು. ಆಮೇಲೆ... ಏನೂ ಇಲ್ಲ.

'ಹೋಗಲೋ, ಬ್ಯಾಡೋ? ಮತ್ತ ಒದರಿದ್ರ? ಹೊಡೆದ್ರ?'

"ರೀ..."

ಟ್ರಂಕು ಹೊತ್ತೇ ಶೆಡ್ಡಿನ ಕಡೆ ಒಂದು ಹೆಜ್ಜೆ ಇಟ್ಟಳು.

"ಏನ್ರೀ! ಕೇಳಸ್ತೈತೇನು?"

ಅವಳು ಟ್ರಂಕು ಬಿಟ್ಟು ಓಡಿದಳು. ಚಿಲಕ ಹಾಕಿರದ ಬಾಗಿಲು ದೂಡಿದರೆ ಮೂಗು ಉರಿಯುವಂಥ ಘಾಟು! ಎರ್ರಿಸ್ವಾಮಿ ಕಾರಿನ ಬಂಪರಿಗೆ ಒರಗಿ ಕುಸಿದಿದ್ದ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅವನ ರಟ್ಟೆ ಹಿಡಿದು, ಎಲ್ಲಿಂದ ಬಂತೋ ಆ ಬಲ... ದರದರ ಅಂಗಳಕ್ಕೆ ಎಳೆದು ತಂದಳು.

"ಚಂದ್ರಣ್ಣಾ! ಯಾರಾರ ಬರ್ರೀ!"

ಪಕ್ಕದ ಮನೆಯ ಚಂದ್ರಣ್ಣ ಆಟೋ ತಂದ. ಹತ್ತಿಸುವಾಗ ಎರ್ರಿಸ್ವಾಮಿ ಒಮ್ಮೆ ಕಣ್ಣು ಬಿಟ್ಟ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಎದೆ ಪರೀಕ್ಷಿಸಿ, "ಈ ಹೊಗೆ ಮೋಸದ್ದಮ್ಮಾ. ಈಗ ಆರಾಮ ಕಂಡ್ರೂ ಆಮೇಲೆ ಉಸಿರು ಕಟ್ಟಬಹುದು. ನಾಳೆವರೆಗೂ ಇಲ್ಲೇ ಇರಲಿ," ಎಂದರು.

ಕೊಟ್ರಮ್ಮ ಮಂಚದ ಪಕ್ಕ ಕೂತು ಅವನ ಎದೆಯ ಏರಿಳಿತವನ್ನೇ ನೋಡಿದಳು. ಒಂದು ಉಸಿರು ತಡವಾದರೂ ಅವಳ ಉಸಿರೂ ನಿಲ್ಲುತ್ತಿತ್ತು.

ಇಳಿಹೊತ್ತಿಗೆ ಅವನು ನಿದ್ದೆಯಿಂದ ಕಣ್ಣು ತೆರೆದ. "ಅಂಗಳದಾಗ ಟ್ರಂಕ್ ಕಂಡೆ... ಊರಿಗೆ ಹೊಂಟಿದ್ದೇನು?"

"ಹೌದ್ರಿ." ಅವಳು ತಲೆ ತಗ್ಗಿಸಲಿಲ್ಲ. "ನಿಮ್ಮನ್ನ ಕಂಡ್ರ ಹೆದರಿಕಿ ನನಗ."

ಅವನ ಮುಖ ಬಾಡಿತು. ಎದ್ದು ದಿಂಬಿಗೆ ಒರಗಿ ಹೇಳಿದ. "ಏಸಿ ಗ್ಯಾಸು ಎಲ್ಲಿ ಸೋರತೈತಿ ಅಂತ ಕಣ್ಣಿಗೆ ಕಾಣಂಗಿಲ್ಲ. ಉರಿ ಹತ್ರ ಹಿಡಿದ್ರ ಹಸಿರು ಆಗತೈತಿ, ಅದ್ರಾಗ ಗೊತ್ತಾಗತೈತಿ. ಆದ್ರ ಉರಿಗೆ ಬಿದ್ದ ಆ ಗ್ಯಾಸು ವಿಷ. ನೀ ಬಾಗಿಲದಾಗ ನಿಂತಿದ್ದಿ... ನನ್ನ ಜೀವಾನ ಹಾರಿಹೋತು."

"ಮೆತ್ತಗ ಹೇಳಬಹುದಿತ್ತಲ್ರಿ?"

"ಮೆತ್ತಗ ಹೇಳಿದ್ರ 'ಏನ್ರೀ?' ಅಂತ ಕೇಳಾಕ ಒಳಗ ಬಂದುಬಿಡತಿದ್ದಿ."

ಅವಳಿಗೆ ನಗು ಬಂತು, ಜೊತೆಗೇ ಅಳುವೂ ಉಕ್ಕಿತು. "ಅಷ್ಟು ವಿಷ ಇದ್ರ ನೀವ್ಯಾಕ ಬಾಗಿಲ ಹಾಕ್ಕೊಂಡ್ರಿ?"

"ಗಾಳಿ ಆಡಿದ್ರ ಸೋರೋ ಜಾಗ ಸಿಗಂಗಿಲ್ಲ. ಸಿರುಗುಪ್ಪದ ಚಿದಾನಂದಪ್ಪ ಸಾಹುಕಾರ್ರು ಬ್ಯಾನಿ ಬಿದ್ದ ತಾಯೀನ್ನ ಈ ಬಿಸಿಲಾಗ ಆ ಕಾರಿನಾಗ ಮದ್ರಾಸಿಗೆ ಒಯ್ಯಬೇಕಂತ. ಅವಸರ ಮಾಡಿದೆ... ತಪ್ಪು ನಂದ." ಅವನ ದನಿ ಇಳಿಯಿತು. "ಮಾತಾಡಾಕ ಬರಂಗಿಲ್ಲ ನನಗ. ಏನಾರ ತಪ್ಪು ಆಡಿದ್ರ ನೀ ಎಲ್ಲಿ ಬ್ಯಾಸರ ಮಾಡ್ಕೊಂತಿಯೋ ಅಂತ ಹೆದರಿ ಸುಮ್ನ ಇರತಿದ್ದೆ."

'ಇವರಿಗೂ ಹೆದರಿಕಿ! ಅದೂ ನನ್ನ ಕಂಡು!'

"ಮುಂದ ಎಂದೂ ನನ್ನ ನೂಕಬ್ಯಾಡ್ರಿ," ಎಂದಳು. "ನಾ ತಡಕೊಳ್ಳಂಗಿಲ್ಲ."

"ಇಲ್ಲ ಕೊಟ್ರಮ್ಮ. ಆಣಿ ಮಾಡ್ತೀನಿ."

ಮರುದಿನ ಡಾಕ್ಟರು ಮನೆಗೆ ಕಳಿಸಿದರು. ಚಂದ್ರಣ್ಣ ಕಾರನ್ನು ಅಂಗಳಕ್ಕೆ ತಳ್ಳಿಕೊಟ್ಟು ಹೋದ. ಎರ್ರಿಸ್ವಾಮಿ ಮತ್ತೆ ಗ್ಯಾಸ್ ದೀಪಕ್ಕೆ ಕೈ ಹಾಕಿದ್ದೇ ತಡ, ಅವಳು ಅದನ್ನು ಕಸಿದುಕೊಂಡಳು.

"ಬ್ಯಾರೆ ದಾರಿನ ಇಲ್ಲೇನ್ರಿ?"

"ಐತಿ. ಸೋಪಿನ ನೀರು ಹಚ್ಚಿದ್ರ ಗುಳ್ಳಿ ಏಳತೈತಿ. ಆದ್ರ ಸಣ್ಣ ಸೋರಿಕಿ... ನನ್ನ ಕಣ್ಣು ಇನ್ನೂ ಉರಿತಾವ, ಕಾಣಂಗಿಲ್ಲ."

"ನನಗ ಕಾಣತಾವಲ್ರಿ!"

ಅವನು ಪೈಪಿಗೆ ತುಸು ಗ್ಯಾಸು ಬಿಟ್ಟಾಗ ಬುಸ್ಸೆಂದ ಸದ್ದಿಗೆ ಅವಳು ಬೆಚ್ಚಿದಳು. ಆದರೂ ಹಿಂದೆ ಸರಿಯಲಿಲ್ಲ. ಸೋಪಿನ ನೊರೆಯನ್ನು ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಹಚ್ಚುತ್ತ ಹೋದಳು.

"ಇಲ್ಲಿ ಇಲ್ಲ... ಇಲ್ಲೂ ಇಲ್ಲ... ರೀ! ಇಲ್ಲೈತಿ! ಸಾಸಿವಿ ಕಾಳಿನಂಥ ಗುಳ್ಳಿ!"

ಕಂಪ್ರೆಸರಿನ ಹಿಂದಿನ ಜಾಯಿಂಟು. ಅವನು ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟು, ಬಿಚ್ಚಿ ನೋಡಿದ. ಒಳಗಿನ ರಬ್ಬರ್ ಉಂಗುರ ಸೀಳಿತ್ತು. ಹೊಸದು ಹಾಕಿ ಬಿಗಿದ. ಮತ್ತೆ ನೊರೆ ಹಚ್ಚಿದಳು. ಗುಳ್ಳೆ ಏಳಲಿಲ್ಲ. ಪಂಪಿನಿಂದ ಒಳಗಿನ ಗಾಳಿ ತೆಗೆದು, ಹೊಸ ಗ್ಯಾಸು ತುಂಬಿ, ಇಂಜಿನ್ ಚಾಲೂ ಮಾಡಿದ.

"ಒಳಗ ಕುಂದರು ಬಾ," ಎಂದು ಬಾಗಿಲು ತೆರೆದ.

ಹೊರಗೆ ಬಳ್ಳಾರಿಯ ಬಿಸಿಲು ಧಗಧಗಿಸುತ್ತಿತ್ತು. ಕಾರಿನೊಳಗೆ ಮೊದಲು ಬಿಸಿಗಾಳಿ ಬಂತು. ಆಮೇಲೆ ಮೆಲ್ಲಗೆ, ಮುಖಕ್ಕೆ, ಕೊರಳಿಗೆ, ಕೈಗಳಿಗೆ... ತಂಪು! ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಅಳುಕುತ್ತಲೇ ಅವಳ ಕೈ ಹಿಡಿದ. "ಹೆದರಿಕಿ ಹೋತೇನು?"

"ಇಲ್ರಿ."

ಅವನ ಕೈ ಸಡಿಲವಾಯಿತು. "ಇನ್ನೂ ನನ್ನ ಕಂಡ್ರ...?"

"ನಿಮ್ಮ ಕಂಡ್ರ ಅಲ್ರಿ." ಕೊಟ್ರಮ್ಮ ಆ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಳು. "ನಿಮಗ ಏನಾರ ಆದ್ರ... ಅಂತ."