ಅತ್ತಿಕೊಪ್ಪದ ಕೆಂಪು ಗೆರೆ

ನಾನು ಆ ರಸ್ತೆಗೆ ಕೆಂಪು ಗೆರೆ ಆರಿಸಿದ್ದೇ ಮಧು ನಗಲಿ ಅಂತ. ಅವಳು ನಗಲಿಲ್ಲ. ನನ್ನ ಕಂಪ್ಯೂಟರಿನ ಮುಂದೆ ನಿಂತು ಸ್ಕ್ರೀನಿಗೆ ಬೆರಳು ಒತ್ತಿದಳು.

"ನಿಜಗುಣ ಅವರ, ನಮ್ಮೂರಿಗೆ ಡಾಂಬರ್ ಯಾವಾಗ ಹಾಕಿದ್ರು?"

"ನಾನ ಹಾಕೇನ್ರಿ, ನಿನ್ನೆ. ರೋಡ್ ರೋಲರ್ ಸಪ್ಪಳ ಕೇಳಲಿಲ್ಲೇನ್ರಿ?"

ಅದು 2003ರ ಮಳೆಗಾಲ. ಬೈಲಹೊಂಗಲದ ಬುರಾನಸಾಬರ ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಸರಕಾರಕ್ಕೆ ಸವದತ್ತಿ ತಾಲೂಕಿನ ರಸ್ತೆಗಳ ನಕಾಶೆ ಮಾಡುತ್ತಿದ್ದೆವು. ಡಾಂಬರು ರಸ್ತೆಗೆ ಕೆಂಪು ಗೆರೆ, ಜಲ್ಲಿ ಹಾಕಿದ ಖಡಿ ರಸ್ತೆಗೆ ಕಪ್ಪು ಗೆರೆ, ಬಂಡಿ ದಾರಿಗೆ ತುಂಡು ತುಂಡು ಗೆರೆ. ಮೌಸಿನ ಒಂದು ಕ್ಲಿಕ್, ಅಷ್ಟೇ.

ಅತ್ತಿಕೊಪ್ಪಕ್ಕೆ ಇರುವುದು ಬಂಡಿ ದಾರಿ ಎಂದು ಸರ್ವೇ ಹಾಳೆ ಹೇಳುತ್ತಿತ್ತು. ಆದರೆ ಅದು ಮಧುವಿನ ಊರು. ಅವಳ ಊರಿಗೆ ಹರಕು ಗೆರೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಎರಡು ವರ್ಷ ಪಕ್ಕದ ಕುರ್ಚಿಯಲ್ಲೇ ಕೂತರೂ ಒಂದು ಮಾತು ಹೇಳಲಾಗದ ಪುಕ್ಕಲ ನಾನು. ಹೇಳಬೇಕಾದ್ದನ್ನೆಲ್ಲ ಆ ಗೆರೆಯಲ್ಲಿ ಹೇಳಿಬಿಟ್ಟಿದ್ದೆ.

"ಚ್ಯಾಷ್ಟಿ ಮಾಡಬ್ಯಾಡ್ರಿ." ಅವಳು ಲಿಸ್ಟು ನನ್ನ ಮುಂದೆ ಹಿಡಿದಳು. "ತುಂಡ ಗೆರಿ ಇದ್ದ ಊರಿಗಷ್ಟ ಈ ವರ್ಷ ಹೊಸಾ ರೋಡ್. ಕಂಪ್ಯೂಟರ್ ತಗದ ಲಿಸ್ಟಿನಾಗ ನಮ್ಮೂರ ಹೆಸರ ಇಲ್ಲ."

ಹಾಳೆ ಕಸಿದುಕೊಂಡು ಹುಡುಕಿದೆ. ಅತ್ತಿಕೊಪ್ಪ ಇರಲಿಲ್ಲ.

"ಹೋದ ಮಳಿಗಾಲದಾಗ ನಮ್ಮಣ್ಣನ ಹೇಣ್ತಿ, ಬಸುರಿ ವೈನಿನ್ನ ಹೊರಸಿನ ಮ್ಯಾಲೆ ಹೊತ್ಕೊಂಡ ಯರಗಟ್ಟಿ ದವಾಖಾನಿಗೆ ಹೊಂಟಿದ್ರು. ಕೂಸ ದಾರ್ಯಾಗ ಹೋತು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮಗ ನಾ ಏನ್ ಮಾಡಿದ್ನಿ?"

ಏನು ಮಾಡಿದಳೆಂದು ಹೇಗೆ ಹೇಳಲಿ! "ನಕಾಶಿ ಹಾಕಿದ ಸಿಡಿ ಎಲ್ಲೈತ್ರಿ?"

"ಸರ್ ತಗೊಂಡ ಬೆಳಗಾವಿಗೆ ಹೊಂಟ್ರು, ನಾಕರ ಬಸ್ಸಿಗೆ. ಕೊಡಾಕ ಇವತ್ತ ಕಡೀ ದಿನ."

ನಾಲ್ಕಕ್ಕೆ ಆರು ನಿಮಿಷ ಇತ್ತು. ಓಡಿದೆ. ಬಜಾರದಲ್ಲಿ ಉಳ್ಳಾಗಡ್ಡಿ ಬುಟ್ಟಿ ಎಡವಿದಾಗ ಮುದುಕಿಯೊಬ್ಬಳು, "ನಿನ್ನ ಹೆಣಾ ಎತ್ತಲಿ, ಕಣ್ಣ ಹ್ವಾದವೇನ?" ಎಂದಳು. ಬೈಗುಳ ಕಡಿಮೆಯೇ ಆಯಿತು ಅನ್ನಿಸಿತು.

ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ಹೊರಡಲು ಹಿಂದಕ್ಕೆ ಸರಿಯುತ್ತಿತ್ತು. ತಗಡಿಗೆ ದಬದಬ ಬಡಿದೆ. ಬುರಾನಸಾಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಸರ್, ನಕಾಶಿ ತಪ್ಪೈತ್ರಿ! ಅತ್ತಿಕೊಪ್ಪಕ್ಕ ಡಾಂಬರ್ ಇಲ್ರಿ!"

"ಮತ್ತ ಕೆಂಪ ಗೆರಿ ಯಾಂವ ಹಾಕ್ಯಾನ?"

"ನಾನ್ರಿ. ಬೇಕಂತ."

"ಯಾಕಲೇ? ಹುಚ್ಚ ಹಿಡದೈತೇನ?"

ಕೈತಪ್ಪು ಅನ್ನಬಹುದಿತ್ತು. ಆದರೆ 'ಬೇಕಂತ' ಎಂಬುದು ಬಾಯಿ ದಾಟಿ ಹೋಗಿತ್ತು. ಇನ್ನು ಮುಚ್ಚಿಡುವುದೇನು?

"ಆ ಊರಿನ ಹುಡಿಗಿ ಮ್ಯಾಲೆ ಜೀವ ಇಟ್ಟೇನ್ರಿ ಸರ್! ಆಕಿ ಊರಿಗೆ ಹರಕ ಗೆರಿ ಹಾಕಾಕ ಆಗಲಿಲ್ರಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಬುರಾನಸಾಬರು ನಗಲಿಲ್ಲ. ಚೀಲ ಹಿಡಿದು ಕೆಳಗಿಳಿದರು.

"ತಿದ್ದಿ ಕೊಡು, ಐದರ ಬಸ್ಸಿಗೆ ಹೋಗತೇನಿ. ನಾಳಿಂದ ನೀ ಕೆಲಸಕ್ಕ ಬರಬ್ಯಾಡ."

ತಿರುಗಿದರೆ ಹಿಂದೆಯೇ ಮಧು, ಏದುಸಿರು ಬಿಡುತ್ತ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೆಂಟರಿನಲ್ಲಿ ಅವಳು ನನ್ನನ್ನು ಕಂಪ್ಯೂಟರ್ ಮುಟ್ಟಗೊಡಲಿಲ್ಲ. ತಾನೇ ಕೂತು ಕೆಂಪು ಅಳಿಸಿ, ತುಂಡು ಗೆರೆ ಹಾಕಿದಳು. ಲಿಸ್ಟಿನಲ್ಲಿ ಅತ್ತಿಕೊಪ್ಪ ಬಂತು. ಸರ್ ಹೊಸ ಸಿಡಿ ಹಿಡಿದು, ನನ್ನ ಕಡೆ ನೋಡದೆ ಹೋದರು.

ನಾನು ಊಟದ ಡಬ್ಬಿ ಎತ್ತಿಕೊಂಡೆ. ನೌಕರಿ ಹೋದದ್ದು ದೊಡ್ಡದಲ್ಲ, ನಾಳೆಯಿಂದ ಆ ಪಕ್ಕದ ಕುರ್ಚಿ ಇಲ್ಲವಲ್ಲ.

"ತಪ್ಪಾತ್ರಿ ಮಧು. ಬರತೇನಿ."

"ಬಸ್ಸಿನಾಗಿನ ಮಂದಿಗೆಲ್ಲಾ ಹೇಳಿದ್ರಿ. ನನಗ ಯಾವಾಗ ಹೇಳವ್ರು?"

ಡಬ್ಬಿ ಕೆಳಗಿಟ್ಟೆ. "ಈಗ... ಈಗ ಹೇಳಲ್ರಿ?"

"ಈಗ ನನಗ ಬ್ಯಾಡ, ನಮ್ಮಪ್ಪಗ ಹೇಳ್ರಿ. ಐತ್ವಾರ ಬರ್ರಿ. ಬಸ್ಸು ಯರಗಟ್ಟಿ ತನಕ ಅಷ್ಟ. ಮುಂದ ಎರಡ ತಾಸು ಕೆಸರಾಗ ನಡೀಬೇಕು."

ತಲೆ ಎತ್ತಿದಳು. ಕಣ್ಣು ಇನ್ನೂ ಒದ್ದೆ. ತುಟಿಯ ಅಂಚಿನಲ್ಲಿ ಮಾತ್ರ, ಎರಡು ವರ್ಷ ನಾನು ಕದ್ದು ನೋಡಿದ ಆ ನಗು.

"ನಿಮ್ಮ ಡಾಂಬರ್ ನಂಬಿ ಹೊಸಾ ಚಪ್ಪಲ್ ಹಾಕ್ಕೊಂಡ ಬಂದೀರಿ ಮತ್ತ!"